ರಕ್ತ ಪರೀಕ್ಷೆ ನಾರ್ಮಲ್, ತೂಕವೂ ಸರಿ: ಆದರೂ ಈಟಿಂಗ್ ಡಿಸಾರ್ಡರ್‌ನಲ್ಲಿ ಜೀವಕ್ಕೆ ಅಪಾಯ ಏಕೆ?

ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಆಸ್ಪತ್ರೆಗೆ ಕರೆದೊಯ್ಯುವ ಪೋಷಕರು, 'ಎಲ್ಲಾ ನಾರ್ಮಲ್' ಎಂಬ ಲ್ಯಾಬ್ ರಿಪೋರ್ಟ್ ಕೈಗೆ ಬಂದ ಕೂಡಲೇ ನಿರಾಳರಾಗುತ್ತಾರೆ. ಆದರೆ ಈಟಿಂಗ್ ಡಿಸಾರ್ಡರ್ ಇರುವವರ ವಿಷಯದಲ್ಲಿ ಆ ಒಂದು ಹಾಳೆಯನ್ನು ನಂಬಿ ಕೂರುವಂತಿಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ 2022ರಲ್ಲಿ ವೈದ್ಯರಿಗಾಗಿ ಹೊರತಂದ 'ಮೀಡ್' ಮಾರ್ಗಸೂಚಿಯೂ ಇದೇ ಎಚ್ಚರಿಕೆ ನೀಡುತ್ತದೆ.

ಕಾರಣ ಸರಳ. ಆಹಾರ ಸಿಗದಿದ್ದಾಗ ದೇಹ ತನ್ನ ಮಾಂಸಖಂಡ, ಮೂಳೆಗಳ ದಾಸ್ತಾನನ್ನು ಕರಗಿಸಿಕೊಂಡು ರಕ್ತದಲ್ಲಿನ ಅಂಶಗಳನ್ನು ಸಾಧ್ಯವಾದಷ್ಟು ದಿನ ಸಮತೋಲನದಲ್ಲಿ ಇಟ್ಟುಕೊಳ್ಳುತ್ತದೆ. ವರದಿಯಲ್ಲಿ ಏರುಪೇರು ಕಾಣುವ ಹೊತ್ತಿಗೆ ಪರಿಸ್ಥಿತಿ ಕೈಮೀರಿರಬಹುದು.

ಹಾಗಾದರೆ ವೈದ್ಯರು ಏನು ನೋಡಬೇಕು? ಮೊದಲು ನಾಡಿ. ಎಚ್ಚರವಿರುವಾಗ ಹೃದಯ ಬಡಿತ ನಿಮಿಷಕ್ಕೆ 40ಕ್ಕಿಂತ ಕೆಳಗಿಳಿದರೆ ಮಾರ್ಗಸೂಚಿಯ ಪ್ರಕಾರ ಅದು ಕೆಂಪು ಗುರುತು, ಅಂದರೆ ತೀವ್ರ ಅಪಾಯ. 'ದಿನಾ ಓಡುತ್ತಾಳೆ, ಅದಕ್ಕೇ ಪಲ್ಸ್ ಕಡಿಮೆ' ಎಂಬ ಸಮಾಧಾನ ತೂಕ ಇಳಿಯುತ್ತಿರುವವರಿಗೆ ಹೊಂದುವುದಿಲ್ಲ. ಬಿಪಿಯನ್ನು ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಅಳೆಯಬೇಕು. ಎದ್ದು ನಿಂತಾಗ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಕುಸಿದರೆ ನಿರ್ಲಕ್ಷಿಸುವಂತಿಲ್ಲ. ಇಸಿಜಿ, ದೇಹದ ಉಷ್ಣಾಂಶವೂ ಬೇಕು.

ಇನ್ನೊಂದು ಪರೀಕ್ಷೆಗೆ ಯಂತ್ರವೇ ಬೇಡ. ಅಂಗಾತ ಮಲಗಿದವರು ಕೈ ಊರದೆ ಎದ್ದು ಕೂರಬೇಕು, ನಂತರ ಕುಕ್ಕರಗಾಲಿನಲ್ಲಿ ಕೂತು ಕೈಯ ಆಸರೆಯಿಲ್ಲದೆ ಏಳಬೇಕು. ಆಗದಿದ್ದರೆ ಸ್ನಾಯುಗಳು ಸೋತಿವೆ ಎಂದರ್ಥ. ಇಷ್ಟು ಸುಲಭದ ಪರೀಕ್ಷೆಯನ್ನು ಮಾಡದೆ ಬಿಡುವುದಕ್ಕೆ ನೆಪವೇ ಇಲ್ಲ.

ಬುಲಿಮಿಯಾ ಇನ್ನಷ್ಟು ಮೋಸದ ಕಾಯಿಲೆ. ತೂಕ ಸಾಮಾನ್ಯವಾಗಿಯೇ ಇರಬಹುದು. ಆದರೆ ತಿಂದದ್ದನ್ನು ಪದೇ ಪದೇ ವಾಂತಿ ಮಾಡುವುದರಿಂದ, ಭೇದಿ ಮಾತ್ರೆ ನುಂಗುವುದರಿಂದ ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪುತ್ತದೆ. ಸವೆದ ಹಲ್ಲು, ಊದಿದ ಕೆನ್ನೆ, ಬೆರಳಿನ ಗೆಣ್ಣುಗಳ ಮೇಲಿನ ಗಾಯದ ಗುರುತು ಇದರ ಸುಳಿವುಗಳು.

ಚಿಕಿತ್ಸೆ ಶುರುವಾದ ಮೊದಲ ದಿನಗಳಲ್ಲೂ ಅಪಾಯವಿದೆ. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಏಕಾಏಕಿ ಊಟ ಸಿಕ್ಕಾಗ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ಸೇರಿಕೊಳ್ಳುತ್ತವೆ. ರಕ್ತದಲ್ಲಿ ಅವುಗಳ ಕೊರತೆಯಾಗಿ ಹೃದಯ, ಉಸಿರಾಟ ಎರಡಕ್ಕೂ ಪೆಟ್ಟು ಬೀಳಬಹುದು. ಇದೇ ರೀಫೀಡಿಂಗ್ ಸಿಂಡ್ರೋಮ್. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ, ಹಸಿದು ಬಳಲಿದ್ದ ಕೈದಿಗಳಲ್ಲಿ ವೈದ್ಯರು ಇದನ್ನು ಕಂಡಿದ್ದರು. ಹೀಗಾಗಿ ತೀರಾ ಸೊರಗಿದವರಿಗೆ 'ತುಪ್ಪ ಹಾಕಿ ಚೆನ್ನಾಗಿ ತಿನ್ನಿಸಿ, ಸರಿಹೋಗ್ತಾಳೆ' ಎಂಬ ಬಂಧುಗಳ ಸಲಹೆ ಅಪಾಯಕಾರಿ. ಹಾಗೆಂದು ಹೆದರಿ ತೀರಾ ಕಡಿಮೆ ಕೊಡುವುದೂ ತಪ್ಪು. ಎಷ್ಟು ಕೊಡಬೇಕು ಎಂಬುದನ್ನು ವೈದ್ಯರು, ಡಯಟೀಷಿಯನ್ ಜತೆಗೂಡಿ ನಿರ್ಧರಿಸಿ, ಆ ದಿನಗಳಲ್ಲಿ ರಕ್ತ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಕು.

ಮೂರ್ಛೆ, ಎದೆನೋವು, ಎದೆಬಡಿತದ ಏರುಪೇರು ಕಂಡರೆ ಕೌನ್ಸೆಲಿಂಗ್ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಮಾನಸಿಕ ನೆರವಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಇದ್ದು, ಕನ್ನಡದಲ್ಲೂ ಮಾತನಾಡಬಹುದು.