ಐದು ಲಕ್ಷಕ್ಕೊಂದು ಪೊರೆ

ಪಾವಗಡ ಎಂದರೆ ಈಗ 2,050 ಮೆಗಾವಾಟ್. ತಿರುಮಣಿ, ವಳ್ಳೂರಿನ ಸುತ್ತ 13,000 ಎಕರೆಯಲ್ಲಿ ಕಣ್ಣು ಹಾಯುವವರೆಗೂ ಸೋಲಾರ್ ಫಲಕಗಳು. ಮಧುಗಿರಿಯವರಿಗೆ ಏಕಶಿಲಾ ಬೆಟ್ಟವಿದೆ, ಶಿರಾದವರಿಗೆ ಕೋಟೆ, ಕೊರಟಗೆರೆಯವರಿಗೆ ಸಿದ್ಧರಬೆಟ್ಟ. ದೊಡ್ಡದನ್ನು ತೋರಿಸಿ ಹೆಮ್ಮೆಪಡಲು ಈ ಸೀಮೆಗೆ ಕೊರತೆಯಿಲ್ಲ. ಆದರೆ ನಾಲ್ಕೂ ತಾಲ್ಲೂಕುಗಳ ಸುಮಾರು 10 ಲಕ್ಷ ಜನರ ಹೃದಯಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೂ ಸಿಗುವ ಶಕ್ತಿ ಒಂದೂವರೆ ಮೆಗಾವಾಟ್ ದಾಟುವುದಿಲ್ಲ. ಒಂದೊಂದು ಹೃದಯದ ಪಾಲು ಒಂದು ವಾಟ್ ಚಿಲ್ಲರೆ, ಅಷ್ಟೇ.

ಆ ಹೃದಯದಲ್ಲೂ ಬಲಗಡೆಯ ಮೇಲಿನ ಕೋಣೆ ತೀರಾ ಮೆತ್ತಗಿನದು. ವೈದ್ಯರು ಅದನ್ನು ಬಲ ಹೃತ್ಕರ್ಣ ಎನ್ನುತ್ತಾರೆ. ತಲೆಯಿಂದ ಕಾಲಿನವರೆಗೆ ಮೈಯೆಲ್ಲ ಸುತ್ತಿದ ರಕ್ತ ಮರಳಿ ಬಂದು ಸೇರುವುದು ಅಲ್ಲಿಗೇ. ಬಿಪಿ ನೋಡಿ 120/80 ಎನ್ನುತ್ತೇವಲ್ಲ, ಅದೇ ಅಳತೆಯಲ್ಲಿ ಈ ಕೋಣೆಯ ಒತ್ತಡ 2ರಿಂದ 6. ನೀರಿನ ಲೆಕ್ಕಕ್ಕೆ ತಂದರೆ ಬಕೆಟ್ಟಿನ ತಳದಲ್ಲಿ ನಾಲ್ಕು ಬೆರಳು ನೀರು ನಿಂತಷ್ಟು. ಇಂಥ ಕೋಣೆಯಲ್ಲಿ ತೆಳ್ಳನೆಯ ಪೊರೆಯೊಂದು ಅಡ್ಡ ನಿಂತರೆ ರಕ್ತಕ್ಕೆ ಅದನ್ನು ತಳ್ಳಿಕೊಂಡು ಹೋಗುವ ಬಲ ಎಲ್ಲಿಂದ ಬರಬೇಕು?

ಹಾಗೆ ಅಡ್ಡ ನಿಲ್ಲುವುದಕ್ಕೇ ಕಾರ್ ಟ್ರೈಏಟ್ರಿಯಾಟಮ್ ಡೆಕ್ಸ್ಟರ್ ಎಂಬ ಉದ್ದನೆಯ ಹೆಸರು. ಬಲ ಹೃತ್ಕರ್ಣ ಎರಡಾಗಿ, ಮೇಲಿನ ಕೋಣೆಗಳ ಲೆಕ್ಕ ಎರಡರಿಂದ ಮೂರಕ್ಕೇರುತ್ತದೆ. ಹುಟ್ಟಿನಿಂದ ಬರುವ ಹೃದಯದ ಎಲ್ಲ ದೋಷಗಳಲ್ಲಿ ಇದರ ಪಾಲು ಶೇ. 0.025ರ ಆಸುಪಾಸು ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಅಂದಾಜು. ಅಂದರೆ ಹೃದಯದ ತೊಂದರೆಯಿಟ್ಟುಕೊಂಡು ಹುಟ್ಟುವ 4,000 ಮಕ್ಕಳಲ್ಲಿ ಒಂದಕ್ಕೆ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟಕ್ಕೆ ಏನಾದರೊಂದು ಹೃದಯದೋಷ ಇರುತ್ತದೆ. ಎರಡನ್ನೂ ಗುಣಿಸಿ ನೋಡಿದರೆ ಐದು ಲಕ್ಷ ಹೆರಿಗೆಗೆ ಒಂದು. ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 16,000 ಮಕ್ಕಳು ಹುಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಇಂಥದೊಂದು ಮಗು ಕಾಣಲು ಮೂವತ್ತು ವರ್ಷ ಕಾಯಬೇಕು. ಒಬ್ಬ ಸರ್ಕಾರಿ ವೈದ್ಯರ ಇಡೀ ಸರ್ವಿಸ್ ಮುಗಿಯುವಷ್ಟು ಕಾಲ.

ಇಷ್ಟಕ್ಕೂ ಈ ಪೊರೆ ಎಲ್ಲಿಂದಲೋ ಬಂದು ಸೇರಿಕೊಂಡದ್ದಲ್ಲ. ನಮಗೆಲ್ಲರಿಗೂ ಇದ್ದದ್ದೇ. ತಾಯಿಯ ಹೊಟ್ಟೆಯಲ್ಲಿ ಮಗುವಿಗೆ ಉಸಿರಾಟವಿಲ್ಲ, ಶ್ವಾಸಕೋಶಕ್ಕೆ ಕೆಲಸವಿಲ್ಲ. ಆಮ್ಲಜನಕ ತುಂಬಿದ ರಕ್ತ ಹೊಕ್ಕುಳಬಳ್ಳಿಯಿಂದ ಬಂದು, ಕೆಳಗಿನ ದೊಡ್ಡ ರಕ್ತನಾಳದ ಮೂಲಕ ಬಲ ಹೃತ್ಕರ್ಣಕ್ಕೆ ಏರುತ್ತದೆ. ಅಲ್ಲಿಂದ ಅದು ನಡುಗೋಡೆಯ ರಂಧ್ರದಲ್ಲಿ ನುಸುಳಿ ಎಡಕ್ಕೆ ಹೋಗಬೇಕು. ಆ ದಾರಿಗೆ ತಿರುಗಿಸುವುದು ಇದೇ ಪೊರೆ. ಗರ್ಭದ 9ನೇ ವಾರದಿಂದ 15ನೇ ವಾರದೊಳಗೆ ಅದು ಬಹುಪಾಲು ಕರಗಿ ಹೋಗುತ್ತದೆ. 9ನೇ ವಾರದಲ್ಲಿ ಇಡೀ ಭ್ರೂಣದ ಉದ್ದವೇ ಎರಡೂವರೆ ಸೆಂಟಿಮೀಟರ್ ಮುಟ್ಟಿರುವುದಿಲ್ಲ! ಆಗ ಹೃದಯ ನಿಮಿಷಕ್ಕೆ 150ಕ್ಕೂ ಹೆಚ್ಚು ಸಲ ಬಡಿಯುತ್ತಿರುತ್ತದೆ. ಆ ಆರು ವಾರಗಳಲ್ಲಿ ಸುಮಾರು 90 ಲಕ್ಷ ಬಡಿತ. ಅಷ್ಟರಲ್ಲಿ ಒಂದು ಬಡಿತವನ್ನೂ ನಿಲ್ಲಿಸದೆ ಒಳಗಿನ ಗೋಡೆ ತೆಗೆದಾಗಿರುತ್ತದೆ. ಇದೇ ಪೊರೆಯನ್ನು ಶಸ್ತ್ರಚಿಕಿತ್ಸಕರು ಕತ್ತರಿಸಿ ತೆಗೆಯಬೇಕೆಂದರೆ ಹಾರ್ಟ್-ಲಂಗ್ ಮಷೀನ್ ಬೇಕು. ಅಂಥ ಯಂತ್ರದ ನೆರವಿನಿಂದ ಮನುಷ್ಯರ ಹೃದಯ ತೆರೆದು ಮಾಡಿದ ಶಸ್ತ್ರಚಿಕಿತ್ಸೆ ಮೊದಲ ಬಾರಿ ಯಶಸ್ವಿಯಾದದ್ದು 1953ರ ಮೇ 6ರಂದು, ಫಿಲಡೆಲ್ಫಿಯಾದಲ್ಲಿ, ಜಾನ್ ಗಿಬ್ಬನ್ ಕೈಯಲ್ಲಿ. ಐದು ಲಕ್ಷಕ್ಕೊಂದು ತಪ್ಪುವುದಕ್ಕಿಂತ ಉಳಿದ 4,99,999 ಸರಿಹೋಗುವುದೇ ನನಗೆ ಹೆಚ್ಚು ಸೋಜಿಗ.

ಸರಿಹೋಗುವುದು ಎಂದರೂ ಪೂರ್ತಿ ಗುಡಿಸಿ ಸಾರಿಸಿದಂತೇನಲ್ಲ. ನೂರರಲ್ಲಿ ಇಬ್ಬರ ಬಲ ಹೃತ್ಕರ್ಣದಲ್ಲಿ ಆ ಪೊರೆಯ ಎಳೆಗಳು ಬಲೆಯಂತೆ ಉಳಿದಿರುತ್ತವೆ. 1897ರಲ್ಲಿ ಅದನ್ನು ವಿವರಿಸಿದ ಹಾನ್ಸ್ ಕಿಯಾರಿಯ ಹೆಸರೇ ಅದಕ್ಕಿದೆ. ಆ ಲೆಕ್ಕದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ 20,000 ಜನ ಎದೆಯೊಳಗೆ ಬಲೆಯಿಟ್ಟುಕೊಂಡು ಹೊಲ ಉಳುತ್ತಿದ್ದಾರೆ, ಬಸ್ ಹತ್ತುತ್ತಿದ್ದಾರೆ. ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಸಾಮಾನ್ಯವಾಗಿ ಇಲ್ಲ.

ಪೊರೆ ಪೂರ್ತಿ ಉಳಿದವರ ಪಾಡೂ ಒಂದೇ ತೆರನಲ್ಲ. ಅದರಲ್ಲಿನ ಕಿಂಡಿ ದೊಡ್ಡದಿದ್ದರೆ ಆಸಾಮಿ ನಡುವಯಸ್ಸಿನವರೆಗೂ ಆರಾಮಾಗಿದ್ದು, ಬೇರೆ ಯಾವುದಕ್ಕೋ ಎಕೋ ಮಾಡಿಸಿದಾಗ ಪರದೆಯ ಮೇಲೆ ಒಂದು ಗೆರೆ ಅಡ್ಡ ಕಾಣಬಹುದು. ಕಿಂಡಿ ಚಿಕ್ಕದಿದ್ದು ನಡುಗೋಡೆಯ ರಂಧ್ರವೂ ಮುಚ್ಚಿಲ್ಲವೆಂದರೆ, ಶುದ್ಧವಾಗದ ರಕ್ತ ಎಡಕ್ಕೆ ನುಗ್ಗಿ ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಪೊರೆ ಕತ್ತರಿಸಿ ತೆಗೆದರೆ ಅಡ್ಡಿ ಹೋಗುತ್ತದೆ. ಕೆಲವರಲ್ಲಿ ಬಲೂನಿನಿಂದ ಕಿಂಡಿ ಹಿಗ್ಗಿಸಿದ್ದೂ ಉಂಟು.

ಮೂವತ್ತು ವರ್ಷಕ್ಕೊಂದರ ಮಾತು ಹಾಗಿರಲಿ. ಅದೇ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರತಿವರ್ಷ ಸುಮಾರು 130 ಮಕ್ಕಳು ಒಂದಲ್ಲ ಒಂದು ಹೃದಯದೋಷದೊಂದಿಗೆ ಹುಟ್ಟುತ್ತಾರೆ, ಸಾಮಾನ್ಯರು ‘ಹಾರ್ಟಲ್ಲಿ ಹೋಲ್’ ಎನ್ನುವುದೂ ಸೇರಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ತಪಾಸಣೆಗೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕೆಂಬುದು ನಿಯಮ. ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಪಾವಗಡದವರಿಗೆ ಅದಕ್ಕಿಂತ ಹತ್ತಿರ ಪುಟ್ಟಪರ್ತಿ. ಅಲ್ಲಿನ ಸತ್ಯಸಾಯಿ ಆಸ್ಪತ್ರೆ 1991ರಲ್ಲಿ ಆರಂಭವಾದಾಗಿನಿಂದ ಬಿಲ್ ಕೌಂಟರ್ ಇಲ್ಲದೆ ಹೃದಯದ ಆಪರೇಷನ್ ಮಾಡುತ್ತಿದೆ. ಮಗು ಹಾಲು ಕುಡಿಯುವಾಗ ಹಣೆ ಬೆವರಿದರೆ, ನಡುನಡುವೆ ಏದುಸಿರು ಬಿಟ್ಟು ಮೊಲೆ ಬಿಟ್ಟರೆ, ತೂಕ ಏರದಿದ್ದರೆ, ಅತ್ತಾಗ ತುಟಿ ನೀಲಿಯಾದರೆ ಸೆಕೆಗೆ ಇರಬೇಕು, ದೃಷ್ಟಿ ತಾಗಿರಬೇಕು ಎಂದು ದಿನ ದೂಡಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಒಂದು ಎಕೋ ಮಾಡಿಸಿ.