ಮೂರು ಪದಗಳ ಹಿಂದೆ ಹೊರಟ ಜೀವವಿಜ್ಞಾನಿ

1994ರಲ್ಲಿ ರ‍್ಯಾಂಡಿ ಓಲ್ಸನ್ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಮಾಡಿದ ಕಡಲ ಜೀವವಿಜ್ಞಾನಿ ಅವರು. ಆಸ್ಟ್ರೇಲಿಯಾದ ಹವಳದ ದಿಬ್ಬಗಳಲ್ಲಿ ನಕ್ಷತ್ರಮೀನಿನ ಮರಿಗಳ ಬೆನ್ನುಹತ್ತಿದ್ದವರು. ಕಾಯಂ ಪ್ರಾಧ್ಯಾಪಕ ಹುದ್ದೆ ಆಗಷ್ಟೇ ಕೈಗೆ ಬಂದಿತ್ತು. ಅಂಥ ಹೊತ್ತಿನಲ್ಲಿ, ನಲವತ್ತರ ಹತ್ತಿರದ ವಯಸ್ಸಿನಲ್ಲಿ, ಅವರು ಲಾಸ್ ಏಂಜಲೀಸ್‌ಗೆ ಹೋಗಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿನಿಮಾ ಶಾಲೆಗೆ ವಿದ್ಯಾರ್ಥಿಯಾಗಿ ಸೇರಿದರು. ನಟನೆಯ ತರಗತಿಯ ಮೇಡಂ ಮೊದಲ ದಿನವೇ ಇವರ ಮೇಲೆ ಹರಿಹಾಯ್ದರು. ಎಲ್ಲವನ್ನೂ ತಲೆಯಲ್ಲೇ ಲೆಕ್ಕ ಹಾಕುತ್ತಾರೆ ಎಂಬುದು ಅವರ ದೂರು. ವಿಜ್ಞಾನಿಗಳು ಹೇಳಿದ್ದು ಜನರಿಗೇಕೆ ತಲುಪುವುದಿಲ್ಲ ಎಂಬ ಪ್ರಶ್ನೆ ಓಲ್ಸನ್ ಅವರನ್ನು ಮುಂದೆ ಬಿಡಲೇ ಇಲ್ಲ. 2009ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. ರೋಗ ಏನೆಂದು ಅದರಲ್ಲಿ ಚೆನ್ನಾಗಿಯೇ ಹೇಳಿದ್ದರು. ಮದ್ದು ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಸಿಕ್ಕಿದ್ದು ಟಿ.ವಿ. ಮುಂದೆ ಕೂತಾಗ. ‘ಸೌತ್ ಪಾರ್ಕ್’ ಎಂಬ ಕಾರ್ಟೂನ್ ಸರಣಿಯ ಒಂದೊಂದು ಕಂತನ್ನೂ ಅದರ ತಂಡ ಆರೇ ದಿನಗಳಲ್ಲಿ ತಯಾರಿಸುತ್ತಿತ್ತು. ಆ ಓಟ ಹೇಗೆ ನಡೆಯುತ್ತದೆ ಎಂದು ತೋರಿಸುವ ಸಾಕ್ಷ್ಯಚಿತ್ರವೊಂದು 2011ರಲ್ಲಿ ಬಂತು. ಅದರಲ್ಲಿ ಸರಣಿಯ ಬರಹಗಾರ ಟ್ರೇ ಪಾರ್ಕರ್ ತನ್ನ ಸೂತ್ರ ಹೇಳುತ್ತಾನೆ: ಮೊದಲ ಕರಡು ಮುಗಿಸಿದ ಮೇಲೆ ಅದರಲ್ಲಿ ‘ಮತ್ತು’ ಬಂದ ಕಡೆಯಲ್ಲೆಲ್ಲ ‘ಆದರೆ’ ಅಥವಾ ‘ಆದ್ದರಿಂದ’ ಹಾಕಲು ಆಗುತ್ತದೆಯೇ ಎಂದು ನೋಡಬೇಕು. ಎಷ್ಟು ಕಡೆ ಹಾಕಲು ಬರುತ್ತದೋ ಕತೆ ಅಷ್ಟು ಗಟ್ಟಿ.

ಓಲ್ಸನ್ ಇದನ್ನು ಹಿಡಿದುಕೊಂಡು ಹಿಂದಕ್ಕೆ ಹೋದರು. ಇದೇ ಮಾತನ್ನು ಚಿತ್ರಕಥೆಯ ದೊಡ್ಡ ಮೇಷ್ಟ್ರು ಫ್ರ್ಯಾಂಕ್ ಡೇನಿಯಲ್ 1980ರ ದಶಕದಲ್ಲೇ ಹೇಳಿದ್ದರು. ಜೆಕೊಸ್ಲೊವಾಕಿಯಾದಿಂದ ಬಂದ ಡೇನಿಯಲ್ ಆ ದಶಕದ ಕೊನೆಯಲ್ಲಿ ಡೀನ್ ಆಗಿದ್ದದ್ದು, ಮುಂದೆ ಓಲ್ಸನ್ ಹೋಗಿ ಕಲಿತ ಅದೇ ಸಿನಿಮಾ ಶಾಲೆಯಲ್ಲಿ. ಹಾಗಾಗಿ ಸೂತ್ರ ಓಲ್ಸನ್ ಕಂಡುಹಿಡಿದದ್ದಲ್ಲ. ಸಿನಿಮಾ ಮಂದಿಯ ಈ ಗುಟ್ಟಿನಲ್ಲಿ ಸಂಶೋಧನಾ ಪ್ರಬಂಧದ ಅಸ್ಥಿಪಂಜರ ಇದೆ ಎಂದು ಗುರುತಿಸಿದ್ದು ಅವರ ಆವಿಷ್ಕಾರ. ಅದು ಸಣ್ಣದೇನಲ್ಲ.

ಪ್ರಬಂಧಗಳ ಸಾರಾಂಶಗಳನ್ನು ಮುಂದಿಟ್ಟುಕೊಂಡು ನೋಡಿದರೆ ಮೂರು ಬಗೆ ಕಾಣುತ್ತದೆ ಎಂದರು ಅವರು. ಮೊದಲನೆಯದರಲ್ಲಿ ‘ಮತ್ತು, ಮತ್ತು, ಮತ್ತು’ ಎಂದು ಮಾಹಿತಿ ಪೇರಿಸುತ್ತಲೇ ಹೋಗುವುದು, ಓದುಗ ಆಕಳಿಸುತ್ತಾನೆ. ಇನ್ನೊಂದರಲ್ಲಿ ವಾಕ್ಯಕ್ಕೊಂದು ‘ಆದರೂ’, ‘ಆದಾಗ್ಯೂ’ ಬಂದು ದಿಕ್ಕು ಬದಲಾಗುತ್ತಲೇ ಇರುತ್ತದೆ. ಓದುಗ ದಾರಿ ತಪ್ಪುತ್ತಾನೆ. ಮೂರನೆಯದರಲ್ಲಿ ಗೊತ್ತಿದ್ದ ಒಂದೆರಡು ಸಂಗತಿ, ಒಂದು ತೊಡಕು, ಅದರಿಂದ ಹುಟ್ಟಿದ ಒಂದು ಹೆಜ್ಜೆ.

ಈ ಮೂರನೆಯ ಬಗೆಯನ್ನು ಹತ್ತಿರದಿಂದ ನೋಡಬೇಕಾದರೆ 1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆ ತೆಗೆಯಬೇಕು. ಡಿಎನ್‌ಎ ರಚನೆಯ ಬಗ್ಗೆ ವಾಟ್ಸನ್ ಮತ್ತು ಕ್ರಿಕ್ ಬರೆದ ಪ್ರಬಂಧ ಒಂದು ಪುಟ ದಾಟಿ ತುಸು ಮಾತ್ರ ಮುಂದೆ ಹೋಗುತ್ತದೆ. ಪಾಲಿಂಗ್ ಮತ್ತು ಕೋರಿ ಈಗಾಗಲೇ ಒಂದು ರಚನೆ ಸೂಚಿಸಿದ್ದಾರೆ, ಅದರಲ್ಲಿ ಮೂರು ಎಳೆಗಳಿವೆ, ಫಾಸ್ಫೇಟ್‌ಗಳು ನಡುವಿನಲ್ಲಿವೆ ಎಂದು ಶುರುವಿನಲ್ಲೇ ತಿಳಿಸುತ್ತಾರೆ. ಕೂಡಲೇ ತಕರಾರು: ಋಣ ವಿದ್ಯುದಂಶವುಳ್ಳ ಫಾಸ್ಫೇಟ್‌ಗಳು ನಡುವೆ ಒತ್ತೊತ್ತಾಗಿ ಕೂತರೆ ಒಂದನ್ನೊಂದು ದೂಡುತ್ತವೆ, ಮತ್ತೆ ಇಡೀ ರಚನೆಯನ್ನು ಹಿಡಿದಿಡುವುದು ಯಾವುದು? ಇನ್ನೊಂದು ಮೂರೆಳೆಯ ಮಾದರಿಯನ್ನೂ ನಾಲ್ಕು ಮಾತಿನಲ್ಲಿ ಬದಿಗೆ ಸರಿಸಿ, ತಮ್ಮ ಎರಡೆಳೆಯ ಸುರುಳಿಯನ್ನು ಮುಂದಿಡುತ್ತಾರೆ. ಫಾಸ್ಫೇಟ್‌ಗಳು ಹೊರಗೆ, ಪ್ರತ್ಯಾಮ್ಲಗಳು ಒಳಗೆ. ಪಾಲಿಂಗ್ ಅವರ ಮಾದರಿ ಏಕೆ ನಿಲ್ಲುವುದಿಲ್ಲ ಎಂದು ಮೊದಲು ಕಂಡದ್ದರಿಂದಲೇ ಓದುಗನಿಗೆ ಈ ಸುರುಳಿ ಬೇಕೆನಿಸುತ್ತದೆ.

ಉಲ್ಟಾ ಉದಾಹರಣೆಯೂ ಉಂಟು. ವಿಶ್ವಬ್ಯಾಂಕಿನ ವಾರ್ಷಿಕ ವರದಿಗಳ ಭಾಷೆಯನ್ನು ಫ್ರಾಂಕೊ ಮೊರೆಟ್ಟಿ ಮತ್ತು ಡೊಮಿನಿಕ್ ಪೆಸ್ತ್ರ್ 2015ರಲ್ಲಿ ಅಳೆದು ನೋಡಿದರು. 1940ರ ದಶಕದಲ್ಲಿ ಒಟ್ಟು ಪದಗಳಲ್ಲಿ ಶೇ. 2.6ರಷ್ಟಿದ್ದ ‘ಮತ್ತು’, ಈಚಿನ ವರದಿಗಳಲ್ಲಿ ಶೇ. 7ರ ಹತ್ತಿರ ಬಂದಿತ್ತು. ಯಾವುದರಿಂದ ಯಾವುದಾಯಿತು ಎಂದು ಹೇಳುವ ಹೊಣೆ ಕೈಬಿಟ್ಟವರ ಬರವಣಿಗೆ ಹೀಗೆ ಪಟ್ಟಿಯಾಗುತ್ತದೆ ಎಂದು ನನಗನಿಸುತ್ತದೆ. ವಿಜ್ಞಾನದ ಬರಹಗಳನ್ನೂ ಹೀಗೆ ಅಳೆದವರಿದ್ದಾರೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಹವಾಮಾನ ಬದಲಾವಣೆಯ 732 ಪ್ರಬಂಧಗಳ ಸಾರಾಂಶಗಳನ್ನು ಪರೀಕ್ಷಿಸಿತು. ಕತೆಯ ಗುಣ ಹೆಚ್ಚಿದ್ದ ಬರಹಗಳನ್ನು ಉಳಿದ ವಿಜ್ಞಾನಿಗಳು ಹೆಚ್ಚಾಗಿ ಉಲ್ಲೇಖಿಸಿದ್ದರು. ಕತೆಯಿಂದಲೇ ಉಲ್ಲೇಖ ಹೆಚ್ಚಿತು ಎಂದು ಅದು ಸಾಬೀತು ಮಾಡುವುದಿಲ್ಲ. ಎರಡೂ ಜೊತೆಯಲ್ಲಿ ಕಾಣುತ್ತವೆ ಎನ್ನುತ್ತದೆ, ಅಷ್ಟೆ.

ನಮ್ಮಲ್ಲಿ ಸಂಶೋಧನೆ ಮಾಡುವ ಹುಡುಗ ಹುಡುಗಿಯರಿಗೆ ಇದನ್ನು ತೋರಿಸಲು ಮಲೆನಾಡಿನ ಮಂಗನ ಕಾಯಿಲೆಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ವರದಿಯ ಧಾಟಿಯಲ್ಲಿ ಬರೆದರೆ ಅದು ಹೀಗಿರುತ್ತದೆ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು ಮತ್ತು ಸುತ್ತಲಿನ ಜನರಿಗೆ ಜ್ವರ ಬಂತು ಮತ್ತು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ ಕಂಡರು ಮತ್ತು ಅದು ಉಣುಗಿನಿಂದ ಹರಡುತ್ತದೆ. ತಪ್ಪಿಲ್ಲ. ಜೀವವೂ ಇಲ್ಲ.

ಈಗ ತೊಡಕನ್ನು ಅದರ ಜಾಗದಲ್ಲಿಟ್ಟು ನೋಡಿ. ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಊರಿನಲ್ಲಿ ಜನ ಜ್ವರದಿಂದ ಮಲಗಿದ್ದರು. ಮಂಗಗಳನ್ನೂ ಮನುಷ್ಯರನ್ನೂ ಹೀಗೆ ಒಟ್ಟಿಗೆ ಕೊಲ್ಲುವ, ಸೊಳ್ಳೆಯಿಂದ ಹರಡುವ ಹಳದಿ ಜ್ವರ ದಕ್ಷಿಣ ಅಮೆರಿಕದಲ್ಲಿ ಇತ್ತು. ಅದು ಭಾರತಕ್ಕೂ ಬಂದುಬಿಟ್ಟಿತೇ ಎಂಬ ಭಯ ಹುಟ್ಟಿತು. ಆದರೆ ಪ್ರಯೋಗಾಲಯದಲ್ಲಿ ಸಿಕ್ಕ ವೈರಸ್ ಅದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗು ಹರಡುವ ಮಿದುಳು ಜ್ವರದ ವೈರಸ್‌ಗೆ ಅದು ಹತ್ತಿರದ ನಂಟು. ಆದ್ದರಿಂದ ಸೊಳ್ಳೆಗಿಂತ ಹೆಚ್ಚಾಗಿ ಉಣುಗಿನ ಮೇಲೆ ಕಣ್ಣು ಹೋಯಿತು. ಘಟನೆಗಳು ಅವೇ, ಕ್ರಮವೂ ಅದೇ; ಹೊಸದಾಗಿ ಸೇರಿದ್ದು ತೊಡಕು. ವಿಜ್ಞಾನಿ ಆ ದಿನಗಳಲ್ಲಿ ಪಟ್ಟ ಅನುಮಾನ ಈಗ ಓದುಗನಿಗೂ ಸಿಗುತ್ತದೆ.

1963ರಲ್ಲಿ ಜೀವವಿಜ್ಞಾನಿ ಪೀಟರ್ ಮೆಡಾವರ್ ಬಿಬಿಸಿ ರೇಡಿಯೊದಲ್ಲಿ, ವಿಜ್ಞಾನ ಪ್ರಬಂಧ ಒಂದು ವಂಚನೆಯೇ ಎಂದು ಕೇಳಿದ್ದರು. ಸಂಶೋಧಕನ ಯೋಚನೆ ನಿಜವಾಗಿ ನಡೆದ ದಾರಿಯನ್ನು ಅದು ಮುಚ್ಚಿಡುತ್ತದೆ ಎಂಬುದು ಅವರ ಆಕ್ಷೇಪ. ಕತೆ ಹೇಳಿದರೆ ವಿಜ್ಞಾನ ಹಗುರವಾಗುತ್ತದೆ ಎನ್ನುವವರಿಗೆ ನಾನು ಮೆಡಾವರ್ ಹೆಸರು ಹೇಳುತ್ತೇನೆ. ಅಂಥವರ ಅಂಜಿಕೆಯಲ್ಲಿ ಒಂದು ನಿಜವಿದೆ: ಪುರಾವೆ ಇಲ್ಲದ ಕಡೆ ‘ಆದ್ದರಿಂದ’ ಹಾಕಿದರೆ ಅದು ಸುಳ್ಳು. ಮಂಗನ ಕಾಯಿಲೆಯ ವಿಷಯದಲ್ಲಿ ಆ ಪದ ಉಣುಗಿನ ತನಕ ಸಲ್ಲುತ್ತದೆ. ಆ ವೈರಸ್ 1957ರಲ್ಲೇ ಏಕೆ ತಲೆಯೆತ್ತಿತು ಎಂಬಲ್ಲಿಗೆ ಅದನ್ನು ಎಳೆಯಬಾರದು. ಕಾಡು ಕಡಿದದ್ದು, ದನ ಮೇಯಿಸಿದ್ದು ಎಂದು ಚರ್ಚೆ ಇನ್ನೂ ನಡೆದಿದೆ. ದಶಕಗಳ ಕಾಲ ಮಲೆನಾಡಿನ ಆಸುಪಾಸಿನಲ್ಲೇ ಇದ್ದ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಿತು, ಆಮೇಲೆ ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲೂ. ಅದರ ಬಗ್ಗೆ ಇಂದು ಬರೆಯುವ ಸಂಶೋಧಕ ತನ್ನ ‘ಆದರೆ’ಯನ್ನು ಇಡಬೇಕಾದ ಜಾಗ ಅದು.