ಎರಡು ಕಿಲೋಮೀಟರ್ ಓಡಿ ಐವತ್ತೈದು ವರ್ಷ ನಿಂತ ಗಾಡಿ

ಓಡೋಮೀಟರಿನಲ್ಲಿ 1.3 ಮೈಲಿ! ಎರಡು ಕಿಲೋಮೀಟರಿಗಿಂತ ಚೂರೇ ಚೂರು ಜಾಸ್ತಿ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣದಿಂದ ಹೊರಟಿದ್ದರೆ ಈ ಗಾಡಿ ಕುಕ್ಕೆ ಸುಬ್ರಹ್ಮಣ್ಯದ ರಥಬೀದಿ ಮುಟ್ಟುವುದಿರಲಿ, ಅರ್ಧ ದಾರಿಯನ್ನೂ ಕಂಡಿರುತ್ತಿರಲಿಲ್ಲ. 1958ರ ಶೆವ್ರೊಲೆ ಕ್ಯಾಮಿಯೊ ಪಿಕಪ್ ಅದು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಪಿಯರ್ಸ್ ಎಂಬ ಪುಟ್ಟ ಊರಿನ ಡೀಲರ್ ದಂಪತಿ, ಮಾರಾಟವಾಗದೆ ಉಳಿದ ಹೊಸ ಗಾಡಿಗಳನ್ನು ದಶಕಗಟ್ಟಲೆ ತಮ್ಮಲ್ಲೇ ಇಟ್ಟುಕೊಂಡಿದ್ದರು. 2013ರ ಸೆಪ್ಟೆಂಬರಿನಲ್ಲಿ ಸುಮಾರು 500 ಗಾಡಿಗಳು ಒಟ್ಟಿಗೆ ಹರಾಜಿಗೆ ಬಂದವು. ದೂಳು ಕೂತ ಸ್ಥಿತಿಯಲ್ಲೇ ಆ ಪಿಕಪ್ 1,40,000 ಡಾಲರಿಗೆ ಹೋಯಿತು.

ಯಾಕೆ? ಈ ಒಂದು ಪ್ರಶ್ನೆ ನನ್ನನ್ನು ಎಲ್ಲಿಂದ ಎಲ್ಲಿಗೆ ಎಳೆದುಕೊಂಡು ಹೋಯಿತೆಂದರೆ, ನೆಬ್ರಾಸ್ಕಾದಲ್ಲಿ ಶುರುವಾದದ್ದು ನಮ್ಮ ಘಟ್ಟದ ಬುಡದ ಧರ್ಮಸ್ಥಳಕ್ಕೆ ಬಂದು ನಿಂತಿತು!

ಮೊದಲು ಒಂದು ಹಸಿರು ಮಸ್ಟಾಂಗಿನ ಕಥೆ ಹೇಳಲೇಬೇಕು. ನಟ ಸ್ಟೀವ್ ಮೆಕ್ವೀನ್ 1968ರ ‘ಬುಲಿಟ್’ ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಏರುಬೀದಿಗಳಲ್ಲಿ ಓಡಿಸಿದ ಫೋರ್ಡ್ ಮಸ್ಟಾಂಗ್ ಜಿಟಿ. 390 ಘನ ಅಂಗುಲದ ವಿ8 ಎಂಜಿನ್, ಅಂದರೆ 6.4 ಲೀಟರ್. ನ್ಯೂಜೆರ್ಸಿಯ ಒಂದು ಕುಟುಂಬ 1974ರಲ್ಲಿ 6,000 ಡಾಲರಿಗೆ ಅದನ್ನು ಕೊಂಡಿತು. ಮನೆಯ ಟೀಚರಮ್ಮ ಅದರಲ್ಲೇ ಶಾಲೆಗೆ ಹೋಗಿಬರುತ್ತಿದ್ದರು! ಮೆಕ್ವೀನ್ ತಾನೇ ಪತ್ರ ಬರೆದು ವಾಪಸ್ ಕೇಳಿದರೂ ಅವರು ಕೊಡಲಿಲ್ಲ. 1980ರಲ್ಲಿ ಕ್ಲಚ್ ಕೈಕೊಟ್ಟಾಗ ನಿಂತದ್ದು, ದಶಕಗಳ ಕಾಲ ಹಾಗೇ ನಿಂತಿತು. ಬಣ್ಣ ಮಾಸಿತು, ತುಕ್ಕು ಹತ್ತಿತು. ಮುಂದೆ ಇದು ಅದೇ ಕಾರೋ ಅಲ್ಲವೋ ಎಂದು ಪರೀಕ್ಷಿಸುವ ದಿನ ಬಂದಾಗ ಸಾಕ್ಷಿ ಹೇಳಿದ್ದು ಯಾವುದು ಗೊತ್ತೇ? ಚಿತ್ರೀಕರಣಕ್ಕೆ ಕ್ಯಾಮೆರಾ ಕೂರಿಸಲು ಬಾಡಿಯಲ್ಲಿ ಕೊರೆದಿದ್ದ ತೂತುಗಳು! ಯಾರಾದರೂ ಪ್ರೀತಿಯಿಂದ ತೂತು ಮುಚ್ಚಿ, ಉಜ್ಜಿ, ಹೊಸ ಬಣ್ಣ ಬಳಿದಿದ್ದರೆ? ಚೆಂದದ ಹಸಿರು ಕಾರೊಂದು ಉಳಿಯುತ್ತಿತ್ತು; ‘ಬುಲಿಟ್’ ಕಾರು ಉಳಿಯುತ್ತಿರಲಿಲ್ಲ. 2020ರ ಜನವರಿಯ ಹರಾಜಿನಲ್ಲಿ ಅದಕ್ಕೆ ಶುಲ್ಕವೂ ಸೇರಿ ಬಂದದ್ದು 37.4 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 26 ಕೋಟಿ ರೂಪಾಯಿ.

ಇಂಥ ಮುಟ್ಟದ ಕಾರಿನ ಒಳಗೆ ಹೊಕ್ಕರೆ ಬೆರಗು ಮುಗಿಯುವುದೇ ಇಲ್ಲ. ಅಂದಿನ ಕಾರ್ಖಾನೆಯಲ್ಲಿ ಯಾವ ಬಣ್ಣ, ಯಾವ ಎಂಜಿನ್, ಯಾವ ರೇಡಿಯೊ ಎಂದು ಮುದ್ರಿಸಿದ ಒಂದು ಚೀಟಿ ಕಾರಿನ ಜೊತೆಗೇ ಸಾಗುತ್ತಿತ್ತು. ಕೆಲಸ ಮುಗಿದ ಮೇಲೆ ಎಷ್ಟೋ ಸಲ ಅದು ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡೇ ಉಳಿದುಬಿಡುತ್ತಿತ್ತು. ಐವತ್ತು ವರ್ಷದ ಮೇಲೆ ಸೀಟು ಬಿಚ್ಚಿದವರಿಗೆ ಅದು ಸಿಗುತ್ತದೆ! ಆಕ್ಸಲಿನ ಮೇಲೆ ತಪಾಸಣೆ ಮಾಡಿದವನು ಎಳೆದ ಬಣ್ಣದ ಗೀಟು, ಗಾಜಿನ ಮೂಲೆಯಲ್ಲಿ ತಯಾರಿಯ ತಿಂಗಳ ಸಂಕೇತ, ಬಾನೆಟ್ ಒಳಗೆ ಅವಸರದಲ್ಲಿ ಸಿಡಿದ ಪೇಂಟ್. ಯಾವುದೋ ಪಾಳಿಯ ಕಾರ್ಮಿಕನ ಕೈ ಅಲ್ಲಿ ಇನ್ನೂ ಕಾಣುತ್ತದೆ.

ಕೊಳ್ಳುವವರು ಈ ಗುರುತುಗಳನ್ನೇ ಓದುತ್ತಾರೆ. ಆ ಕಾಲದ ಬಹುತೇಕ ಓಡೋಮೀಟರುಗಳು ಐದಂಕಿಯವು, 99,999 ದಾಟಿದರೆ ಮತ್ತೆ ಸೊನ್ನೆ. ಹಾಗಾಗಿ 8,000 ಎಂದು ತೋರಿಸುವ ಕಾರು 1,08,000 ಓಡಿರಲೂಬಹುದು. ಬ್ರೇಕ್ ಪೆಡಲಿನ ರಬ್ಬರ್ ಸವೆದಿದೆಯೇ, ಚಾಲಕನ ಬಾಗಿಲು ಜೋತಿದೆಯೇ, ಎಂಜಿನ್ ಬ್ಲಾಕಿನ ಮೇಲೆ ಒತ್ತಿದ ಸಂಖ್ಯೆ ಷಾಸಿ ಸಂಖ್ಯೆಗೆ ಹೊಂದುತ್ತದೆಯೇ? ಪೇಂಟಿನ ದಪ್ಪ ಅಳೆಯುವ ಪುಟ್ಟ ಉಪಕರಣವಿದೆ. ಕಾರ್ಖಾನೆಯ ಪೇಂಟು ಸುಮಾರು ನೂರು ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ, ಒಂದು ಕಡೆ ಮಾತ್ರ ಮುನ್ನೂರು ತೋರಿಸಿದರೆ ಅಲ್ಲಿ ಹಳೆಯ ಗಾಯವೊಂದು ಅಡಗಿದೆ.

ಈಗ ನಮ್ಮ ಕಡೆಗೆ ಬನ್ನಿ. ಆ ಮಸ್ಟಾಂಗಿನಂಥ ದೊಡ್ಡ ಎಂಜಿನಿನ ಅಬ್ಬರದ ಕಾರುಗಳ, ಅಂದರೆ ಮಸಲ್ ಕಾರುಗಳ, ಯುಗ ಶುರುವಾದದ್ದು 1964ರ ಪಾಂಟಿಯಾಕ್ ಜಿಟಿಒದಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ: 6.4 ಲೀಟರ್, 325 ಅಶ್ವಶಕ್ತಿ. ಅದೇ ವರ್ಷ ನಮ್ಮ ಅಂಬಾಸಡರಿನಲ್ಲಿದ್ದದ್ದು 1.5 ಲೀಟರ್, ಸುಮಾರು 50 ಅಶ್ವಶಕ್ತಿ. ಮುಂಬಯಿಯಲ್ಲಿ 1928ರಿಂದ ಕಾರು ಜೋಡಿಸುತ್ತಿದ್ದ ಜನರಲ್ ಮೋಟರ್ಸ್ 1954ರಲ್ಲಿ ಬಾಗಿಲು ಹಾಕಿ ಹೋಗಿತ್ತು. ಹತ್ತೇ ಹತ್ತು ವರ್ಷ! ಅಷ್ಟರಿಂದ ತಪ್ಪಿತು. ಅಮೆರಿಕದಲ್ಲಿ ಆ ಅಬ್ಬರ ಎದ್ದು, 1973ರ ತೈಲ ಬಿಕ್ಕಟ್ಟಿಗೆ ತಣ್ಣಗಾಗುವ ತನಕ ಸುಳ್ಯ, ಪುತ್ತೂರು, ಕಡಬದ ರಸ್ತೆಗಳು ಹೆಚ್ಚಾಗಿ ಅಂಬಾಸಡರ್ ಮತ್ತು ಜೀಪುಗಳನ್ನೇ ಕಂಡವು.

ಹಾಗಂತ ಅಮೆರಿಕದ ಹಳೆಯ ಕಾರು ಇಲ್ಲಿ ಇಲ್ಲವೇ? ಉಂಟು! ಕುಕ್ಕೆಯಲ್ಲಿ ಪೂಜೆ ಮುಗಿಸಿ, ಗುಂಡ್ಯ, ಪೆರಿಯಶಾಂತಿ, ಕೊಕ್ಕಡ ದಾಟಿ ಧರ್ಮಸ್ಥಳಕ್ಕೆ ಹೋಗುವವರು ದಿನಕ್ಕೆ ಸಾವಿರಾರು ಮಂದಿ. ಅಲ್ಲಿಯ ಕಾರು ಸಂಗ್ರಹಾಲಯದೊಳಗೆ ಕಾಲಿಡದೆ ವಾಪಸಾಗುವವರನ್ನು ಕಂಡರೆ ಕೈಹಿಡಿದು ನಿಲ್ಲಿಸೋಣ ಅನ್ನಿಸುತ್ತದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಸಂಗ್ರಹ ಅದು. ಅವರು ಧರ್ಮಾಧಿಕಾರಿಯಾದದ್ದು 1968ರಲ್ಲಿ, ಆ ಹಸಿರು ಮಸ್ಟಾಂಗ್ ತೆರೆಗೆ ಬಂದ ವರ್ಷವೇ! ಅಲ್ಲಿಯ 1929ರ ಸ್ಟುಡಿಬೇಕರ್ ಪ್ರೆಸಿಡೆಂಟ್ ಗಾಂಧೀಜಿ ಕರ್ನಾಟಕ ಪ್ರವಾಸದಲ್ಲಿ ಬಳಸಿದ ಕಾರೆಂದೇ ಹೆಸರಾಗಿದೆ. 1934ರ ಫೆಬ್ರುವರಿಯಲ್ಲಿ ಅವರು ಮಡಿಕೇರಿಯಿಂದ ಘಟ್ಟವಿಳಿದು ಸಂಪಾಜೆ, ಸುಳ್ಯ, ಪುತ್ತೂರಿನ ಮೇಲೆ ಮಂಗಳೂರಿಗೆ ಹೋದವರು. 1852ರಲ್ಲಿ ಕುದುರೆಗಾಡಿ ಕಟ್ಟುವುದರಿಂದ ಶುರುಮಾಡಿದ ಸ್ಟುಡಿಬೇಕರ್ ಕಂಪನಿ, ಸೌತ್ ಬೆಂಡಿನ ತನ್ನ ಕಾರ್ಖಾನೆಯನ್ನು 1963ರ ಡಿಸೆಂಬರಿನಲ್ಲಿ ಮುಚ್ಚಿತು. ಇಂಥ ಕಾರಿನ ಸೀಟಿನ ಬಟ್ಟೆ ಬದಲಿಸುವ ಮುನ್ನ ನೂರು ಸಲ ಯೋಚಿಸಬೇಕು. ಆ ಸೀಟಿನಲ್ಲಿ ಕೂತವರು ಯಾರು ಅಂತ ನೆನೆಸಿಕೊಂಡರೇ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಆಶ್ಚರ್ಯ ಕಾನೂನಿನಲ್ಲಿ ಸಿಕ್ಕಿತು. ಬಹುಕಾಲ ಭಾರತಕ್ಕೆ ಪರವಾನಗಿಯ ಗೋಜಿಲ್ಲದೆ ತರಬಹುದಾಗಿದ್ದದ್ದು 1950ಕ್ಕಿಂತ ಮೊದಲಿನ ಕಾರುಗಳನ್ನು ಮಾತ್ರ. 2025ರಲ್ಲಿ ಆ ಗೆರೆ ಸರಿದು, ಐವತ್ತು ವರ್ಷ ದಾಟಿದ ಗಾಡಿಗಳಿಗೂ ದಾರಿಯಾಯಿತು. ಸುಂಕವೇ ಗಾಡಿಯ ಬೆಲೆಯನ್ನು ಮೀರಿಸುತ್ತದೆ, ನಿಜ. ಆದರೆ 1964ರಿಂದ 1974ರವರೆಗಿನ ಮಸಲ್ ಕಾರುಗಳೆಲ್ಲ ಒಮ್ಮೆಗೇ ಗೆರೆಯ ಈಚೆ ಬಂದುಬಿಟ್ಟವು! 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಅಕ್ಷರಗಳು. ನನಗೆ ಅತಿ ಖುಷಿ ಕೊಟ್ಟ ಷರತ್ತು ಮುಂದಿನದು: ಗಾಡಿ ಮೂಲ ರೂಪದಲ್ಲೇ ಇರಬೇಕು, ಷಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ರ‍್ಯಾಲಿ, ಪ್ರದರ್ಶನ, ದುರಸ್ತಿ, ಪೆಟ್ರೋಲು ಇಂಥವಕ್ಕೆ ಮಾತ್ರ ರಸ್ತೆಗಿಳಿಯಬಹುದು.

ಸರಿ, ಒಂದು ಬಂತು ಅಂತಿಟ್ಟುಕೊಳ್ಳಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸುಬ್ರಹ್ಮಣ್ಯದಲ್ಲಿ ಅದನ್ನು ಉಳಿಸುವುದು ಹೇಗೆ? ಇಲ್ಲಿಯ ಅಡಿಕೆ ಕೃಷಿಕರಿಗೆ ಅರ್ಧ ವಿದ್ಯೆ ಆಗಲೇ ಗೊತ್ತು: ಶತ್ರು ನೀರಲ್ಲ, ಗಾಳಿಯ ಪಸೆ. ಒಣಗಿಸಿಟ್ಟ ಅಡಿಕೆಗೆ ಬೂಷ್ಟು ಹಿಡಿಸುವ ಅದೇ ಪಸೆ ಸೀಟಿಗೂ ಹಿಡಿಸುತ್ತದೆ, ತಗಡಿಗೆ ತುಕ್ಕು ತರಿಸುತ್ತದೆ. ಆದ್ದರಿಂದ ಟಾರ್ಪಾಲು ಬೇಡವೇ ಬೇಡ, ಅದರಡಿ ಕಾರು ಬೆವರುತ್ತದೆ. ಗಾಳಿಯಾಡುವ ಹತ್ತಿಬಟ್ಟೆಯ ಹೊದಿಕೆ, ಮುಚ್ಚಿದ ಕೋಣೆ, ತೇವ ಹೀರುವ ಯಂತ್ರ, ಕರೆಂಟು ಹೋದರೆ ಅದಕ್ಕೊಂದು ಬದಲಿ ವ್ಯವಸ್ಥೆ ಬೇಕು; ಗೋಡೆಯ ಮೇಲೆ ಆರ್ದ್ರತೆ ತೋರಿಸುವ ಮೀಟರು ಶೇ. 50ರ ಆಸುಪಾಸಿನಲ್ಲಿರಬೇಕು. ವೈರು ಕಡಿಯುವ ಇಲಿಗಳಿಗೆ ಸಂದಿಯೇ ಇರಬಾರದು. ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಸೆಳೆಯುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ, ಹಾಗಾಗಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬಾರದು. ಮೂಲ ಟೈರುಗಳನ್ನು ಎಸೆಯದೆ ತೆಗೆದಿಟ್ಟು, ಓಡಿಸಲು ಬೇರೆ ಟೈರು ಹಾಕಬೇಕು.

ಇನ್ನು ದಶಕಗಳ ನಿದ್ದೆಯಿಂದ ಎಂಜಿನನ್ನು ಎಬ್ಬಿಸುವ ಕೆಲಸ. ಮಾರಾಯ್ರೆ, ಅವಸರದಲ್ಲಿ ಕೀಲಿ ತಿರುಗಿಸಿದರೆ ಪಿಸ್ಟನ್ ರಿಂಗುಗಳೇ ಮುರಿದಾವು! ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಎಣ್ಣೆ ಬಿಟ್ಟು, ದಿನಗಟ್ಟಲೆ ಕಾಯಬೇಕು. ಆಮೇಲೆ ಕ್ರ್ಯಾಂಕಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಬೇಕು. ಅದು ಸಡಿಲಾದ ಮೇಲೆ ಹಳೆಯ ಪೆಟ್ರೋಲು ಬಸಿದು, ಆಯಿಲ್ ಬದಲಿಸಿ, ಬ್ರೇಕ್ ಹೋಸುಗಳನ್ನು ನೋಡಿ, ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ತಿರುಗಿಸಿ ಆಯಿಲ್ ಪ್ರೆಷರ್ ಏರುವುದನ್ನು ಕಣ್ಣಾರೆ ಕಾಣಬೇಕು. ಪ್ಲಗ್ಗು ಹಾಕಿ ಕೀಲಿ ತಿರುಗಿಸುವುದು ಅದಾದ ಮೇಲೆಯೇ. ಆಗ, 1960ರ ದಶಕದ ಡೆಟ್ರಾಯಿಟಿನಲ್ಲಿ ಕಟ್ಟಿದ ಎಂಟೂ ಸಿಲಿಂಡರುಗಳು ಕುಮಾರಪರ್ವತದ ಬುಡದಲ್ಲಿ ಒಮ್ಮೆಗೇ ಗುಡುಗುತ್ತವೆ!